ತೂತಿಲ್ಲದ ಗುಂಡಿ

ರೋಗ ವಾಸಿಯಾದರೆ ವೈದ್ಯನಿಗೆ ಕೆಲಸವಿಲ್ಲ ಎಂದು ಯಾವ ವೈದ್ಯನೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದಿಲ್ಲ, ಅಷ್ಟೇ; ತಿಳಿದುಕೊಂಡಿರುತ್ತಾನೆ. ನೀರು ಸರಬರಾಜು ಕಚೇರಿಯ ಪಂಡಿತರೂ ತಿಳಿದುಕೊಂಡಿದ್ದರು.

ಪಂಡಿತರು ಎಂದರೆ ಓದಿ ತಲೆ ನರೆತವರಲ್ಲ, ಬೇರು ನಾರು ಅರೆದವರೂ ಅಲ್ಲ. ಕಚೇರಿಯ ಹಳೇ ಕಂಪ್ಯೂಟರುಗಳ ಕಾಯಿಲೆ ನೋಡುತ್ತಾರೆಂದು ಬಂದ ಹೆಸರು ಅದು. ಅದಕ್ಕೆ ಮುಂಚೆ ಅವರಿಗೆ ಹೆಸರೇ ಇರಲಿಲ್ಲ ಎಂದರೂ ನಡೆದೀತು. ಕಚೇರಿಯ ಹಿಂದೆ ಕೆಟ್ಟ ಮೀಟರುಗಳನ್ನು ಸುರಿಯುವ ಉಗ್ರಾಣವೊಂದಿತ್ತು. ಅದರ ಕಿಟಕಿ ತೆರೆದರೆ ಎದುರಿಗೊಂದು ಗೋಡೆ. ಅಲ್ಲಿ ತುಕ್ಕು, ಹಲ್ಲಿ ಮತ್ತು ಅವರು. ಕಾಲು ಮುರಿದ ಕುರ್ಚಿಯನ್ನು ಎಸೆಯಲು ಜಾಗ ಬೇಕಾದಾಗ ಮಾತ್ರ ಜನಕ್ಕೆ ಅವರ ನೆನಪು.

ಒಂದು ದಿನ ಹಾಗೆ ಮುರಿದ ಕುರ್ಚಿ ಒಯ್ಯಲು ಅವರು ಕಚೇರಿಯೊಳಗೆ ಬಂದಾಗ, ಕಚೇರಿ ನಡೆಸುವ ಮೇಡಂ ತಮ್ಮ ಕೀಬೋರ್ಡಿನ ಮೇಲೆ ಕೈಕೈ ಹಿಸುಕಿಕೊಂಡು ಕೂತಿದ್ದರು. ಎಷ್ಟು ಕುಟ್ಟಿದರೂ ಒಂದಕ್ಷರ ಮೂಡುತ್ತಿರಲಿಲ್ಲ. ಹಿಂದುಗಡೆ ಅದರ ವೈರು ಜೋತಾಡುತ್ತಿದ್ದುದು ಇವರ ಕಣ್ಣಿಗೆ ಬಿತ್ತು. ಒತ್ತಿದರು, ಅಕ್ಷರ ಮೂಡಿತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಅಂದಿನಿಂದ ಅವರು ಪಂಡಿತರಾದರು.

ಆ ಕಂಪ್ಯೂಟರುಗಳ ಮಹಿಮೆಯನ್ನೂ ಹೇಳಬೇಕು. ಒಟ್ಟು ನಾಲ್ಕು. ಅಣ್ಣನ ಹಳೇ ಅಂಗಿ ತಮ್ಮನಿಗೆ ಬರುವಂತೆ ದೊಡ್ಡ ಕಚೇರಿಯಿಂದ ಇಳಿದು ಬಂದವು. ಒಂದು ಕಾಲಕ್ಕೆ ಬಿಳಿಯಾಗಿದ್ದ ಮೈ ಈಗ ಹಾಲು ಜಾಸ್ತಿಯಾದ ಚಹಾದ ಬಣ್ಣ. ಗುಂಡಿ ಒತ್ತಿದರೆ ಮಂಡಿನೋವಿನವರು ಏಳುವಾಗಿನ ಹಾಗೆ ಒಂದು ನರಳಾಟ, ಆಮೇಲೆ ಬೆಳಕು.

ಇಷ್ಟು ಕೊಟ್ಟು ಸುಮ್ಮನಿದ್ದರೆ ಅದು ದೊಡ್ಡ ಕಚೇರಿ ಹೇಗಾದೀತು? ಇನ್ನೊಂದು ಕೊಡುಗೆ ಬಂತು. ಇನ್ನು ಮುಂದೆ ನೀರಿನ ದೂರನ್ನು ಜನ ಫೋನಿನಲ್ಲಿ ಹೇಳಕೂಡದು, ಚಾಟ್ ಮಾಡಬೇಕು. ಬ್ರೌಸರಿನಲ್ಲಿ ತೆರೆಯುವ ಹೊಚ್ಚಹೊಸ ಚಾಟು. ಅದನ್ನು ತೋರಿಸಲು ಬಂದ ದೊಡ್ಡ ಕಚೇರಿಯವನು ತನ್ನ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ತೋರಿಸಿ, ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿ, ಹೋಗುವಾಗ ಫೋನನ್ನು ಕಿತ್ತುಕೊಂಡು ಹೋದ. ಚಾಟು ಹೊಸದು, ಡಬ್ಬ ಹಳೆಯದು. ಎತ್ತು ಏರಿಗೆ, ಕೋಣ ನೀರಿಗೆ.

ಮರುದಿನ ಬೆಳಿಗ್ಗೆ ದೂರು ಬರೆದುಕೊಳ್ಳುವ ಗಡಿಬಿಡಿಯಮ್ಮ ಚಾಟು ತೆರೆದರೆ ಪರದೆಯ ತುಂಬ ಒಂದೇ ಎಚ್ಚರಿಕೆ: ಈ ತಾಣ ಸುರಕ್ಷಿತವಲ್ಲ, ಹಿಂದಿರುಗಿ. ಆಕೆ ಓದಿದ್ದೇ ತಡ, ಮೇಜಿನ ಮೇಲಿದ್ದ ತನ್ನ ಪರ್ಸನ್ನು ತೆಗೆದು ಸೀರೆಯ ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ಪಂಡಿತರಿಗೆ ಕರೆ ಹೋಯಿತು. ಸುಳ್ಳು ಹೇಳಬಾರದು, ಆ ಮನುಷ್ಯ ಮೊದಲು ಪ್ರಾಮಾಣಿಕವಾಗಿಯೇ ಬೆವರು ಸುರಿಸಿದರು. ಬ್ರೌಸರಿನ ಹೊಟ್ಟೆ ತೊಳೆದು ಹಿಸ್ಟರಿ, ಕುಕ್ಕಿ ಎಲ್ಲ ಹೊರಗೆ ಚೆಲ್ಲಿದರು. ಬ್ರೌಸರನ್ನೇ ಕಿತ್ತು ಮತ್ತೆ ಹಾಕಿದರು. ಅದರ ಹೊಸ ಆವೃತ್ತಿ ಈ ಡಬ್ಬವನ್ನು ನೋಡಿ, ನಿನ್ನಂಥವನ ಮನೆಗೆ ನಾನು ಕಾಲಿಡಲಾರೆ ಎಂದಿತು. ಮೊಬೈಲಿನಲ್ಲಿ ಪರದೇಶಿಗಳು ಬರೆದ ಪರಿಹಾರಗಳನ್ನೆಲ್ಲ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡರು. ಕೊನೆಗೆ ಇನ್ನೇನು ಕೈಚೆಲ್ಲಬೇಕು ಎನ್ನುವಾಗ ಪರದೆಯ ಬಲಮೂಲೆಯ ಕೆಳಗೆ ಕಣ್ಣು ಹೋಯಿತು. ಅಲ್ಲಿದ್ದ ತಾರೀಖು ಇಪ್ಪತ್ತು ವರ್ಷ ಹಿಂದಿನದು.

ಆಗ ಬುದ್ಧಿಗೆ ಬೆಳಕು ಹತ್ತಿತು. ಈ ಕಚೇರಿಯ ಕಾವಲುಗಾರನಿಗೆ ಒಂದು ಪದ್ಧತಿ. ಸಂಜೆ ಹೋಗುವಾಗ ಕೋಲಿನಿಂದ ಮೈನ್ ಸ್ವಿಚ್ಚನ್ನು ಇಳಿಸಿಯೇ ಹೋಗುವುದು. ಬೆಂಕಿ ಬಿದ್ದರೆ ತನ್ನ ತಲೆಗೆ ಬರುತ್ತದೆಂಬ ಭಯ. ಕರೆಂಟು ಹೋದಾಗಲೂ ದಿನ ಎಣಿಸಲೆಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಗುಂಡಿ ಗಾತ್ರದ ಒಂದು ಶೆಲ್ ಇರುತ್ತದೆ. ನಾಲ್ಕರಲ್ಲೂ ಅದು ಎಂದೋ ಸತ್ತಿತ್ತು. ಹಾಗಾಗಿ ಪ್ರತಿ ಬೆಳಿಗ್ಗೆ ನಾಲ್ಕೂ ತಾವು ಹುಟ್ಟಿದ ಕಾಲಕ್ಕೇ ಕಣ್ಣು ಬಿಡುತ್ತಿದ್ದವು. ಈಚಿನ ಚಾಟು ತನ್ನ ಗುರುತಿನ ಪತ್ರ ತೋರಿಸಿದರೆ, ಅದರ ಮೇಲಿನ ತಾರೀಖು ನೋಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಕೊಂಡು ಬಂದಿದ್ದಾನೆ ಕಳ್ಳ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದವು. ಡಬ್ಬಗಳ ಕಡೆ ತಪ್ಪಿರಲಿಲ್ಲ.

ಅಂದು ಸಂಜೆಯೇ ಪಂಡಿತರು ನಾಲ್ಕು ಶೆಲ್ ಕೊಂಡು ಅಂಗಿಯ ಜೇಬಿಗಿಳಿಸಿದರು. ಮರುದಿನ ಬೇಗ ಬಂದು, ಅನುಮಾನ ನಿಜವೋ ಅಲ್ಲವೋ ನೋಡೋಣವೆಂದು ಮೊದಲು ಕೈಯಿಂದಲೇ ತಾರೀಖು ತಿದ್ದಿದರು. ಚಾಟು ಹೂವಿನ ಹಾಗೆ ಅರಳಿತು. ಗಡಿಬಿಡಿಯಮ್ಮ ಕೂಗಿ ಎಲ್ಲರನ್ನೂ ಕರೆದಳು. ಮೇಡಂ ಫ್ಯಾನಿನ ಕೆಳಗಿನ, ರಸ್ತೆ ಕಾಣುವ ಕಿಟಕಿ ಪಕ್ಕದ ಕುರ್ಚಿಯನ್ನು ಎಳೆದು, "ಪಂಡಿತ್ರೇ, ನೀವಿನ್ನು ಉಗ್ರಾಣಕ್ಕೆ ಹೋಗೋದು ಬೇಡ. ಇಲ್ಲೇ ಕೂತ್ಕೊಳ್ಳಿ. ಏನಾಗಿತ್ತು ಇದಕ್ಕೆ?" ಎಂದರು.

ಜೇಬಿನಲ್ಲಿದ್ದ ಶೆಲ್ಲುಗಳು ಎದೆಗೆ ತಣ್ಣಗೆ ತಾಗಿದವು. ಅವನ್ನು ಹಾಕಿದರೆ ರೋಗ ಇಲ್ಲಿಗೇ ಮುಗಿಯಿತು. ರೋಗದ ಜೊತೆ ಕಿಟಕಿ, ಫ್ಯಾನು, 'ಪಂಡಿತ್ರೇ' ಎಂಬುದರ ಆ 'ರೇ' ಕೂಡ. ಮುಂದೆ ಗೋಡೆ, ಹಲ್ಲಿ.

"ಹಳೇ ಮೆಷಿನ್ನು ಮೇಡಂ," ಎಂದರು ಪಂಡಿತರು. "ದಿನಾ ಬೆಳಿಗ್ಗೆ ಒಂದ್ಸಲ ನೋಡ್ಬೇಕಾಗುತ್ತೆ."

ಇದರಲ್ಲಿ ಸುಳ್ಳೇನಿದೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಇಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡರು.

ಶೆಲ್ಲುಗಳು ಜೇಬಿನಲ್ಲೇ ಉಳಿದವು. ಬಟ್ಟೆ ಒಗೆಯುವಾಗ ಹೆಂಡತಿಯ ಕೈಗೆ ಸಿಕ್ಕವು. ಆಕೆ ಮುಂಗೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುವ ಹೆಂಗಸು. ತಿರುಗಿಸಿ ಮುರುಗಿಸಿ ನೋಡಿ, "ಇದೆಂಥ ಗುಂಡಿ ರೀ? ದಾರ ಹಾಕೋಕೆ ತೂತೇ ಇಲ್ಲ?" ಎಂದಳು. ಆಫೀಸಿನದು ಎಂದರು ಪಂಡಿತರು. ಆಫೀಸಿನದಾದರೆ ತೂತಿಲ್ಲದೆ ಇರುವುದು ಸಹಜವೇ ಎಂದುಕೊಂಡು ಆಕೆ ಅವನ್ನು ತನ್ನ ಗುಂಡಿ ಡಬ್ಬಿಗೆ ಹಾಕಿದಳು.

ಆದರೆ ಬರೀ ತಾರೀಖು ತಿದ್ದುವುದಕ್ಕೆ ಅಷ್ಟು ದೊಡ್ಡ ಕುರ್ಚಿ ಯಾರು ಕೊಡುತ್ತಾರೆ? ಚಿಕಿತ್ಸೆ ಎಂದ ಮೇಲೆ ಚಿಕಿತ್ಸೆಯ ಹಾಗೆ ಕಾಣಬೇಕು. ಪಂಡಿತರು ಬೆಳಿಗ್ಗೆ ಬಂದವರೇ ಹಳದಿ ಬಟ್ಟೆಯಿಂದ ಡಬ್ಬದ ನೆತ್ತಿ ಒರೆಸುವರು. ಇಂಟರ್ನೆಟ್ಟಿನ ವೈರು ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಚುಚ್ಚುವರು. ಡಬ್ಬದ ಪಕ್ಕೆಗೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಿವಿಯಿಟ್ಟು ಆಲಿಸುವರು. ಆಮೇಲೆ, "ಸ್ವಲ್ಪ ಹಿಂದೆ ಸರೀರಿ, ಶಾಖ ಬಿಡುತ್ತೆ," ಎನ್ನುವರು. ಎಲ್ಲರೂ ಸರಿದ ಮೇಲೆ ಪರದೆಯನ್ನು ಬೆನ್ನಿನಿಂದ ಮುಚ್ಚಿಕೊಂಡು ಮೂಲೆಯ ತಾರೀಖನ್ನು ತಿದ್ದಿ, ಹಣೆ ಒರೆಸಿಕೊಂಡು ಏಳುವರು. ಹೀಗೆ ನಾಲ್ಕು ಸಲ. ಅದು ಮುಗಿಯುವವರೆಗೆ ಬೀದಿಬೀದಿಗಳ ದೂರುಗಳು ಹೊರಗೆ ಕಾದಿರುತ್ತಿದ್ದವು. ಕಾಯಲಿ, ರೋಗಿಗಿಂತ ದೂರು ದೊಡ್ಡದೇ?

ಉಳಿದ ಸಣ್ಣಪುಟ್ಟ ಕಾಯಿಲೆಗಳನ್ನು ಪಂಡಿತರು ಮುಟ್ಟುತ್ತಿರಲಿಲ್ಲ. ಜನ ಕಳಿಸುವ ಅಳುಮುಖ, ಸಿಟ್ಟುಮುಖದ ಚಿತ್ರಗಳು ಈ ಡಬ್ಬಗಳಿಗೆ ಗೊತ್ತಿಲ್ಲದ್ದರಿಂದ ಪರದೆಯ ಮೇಲೆ ಖಾಲಿ ಚೌಕಗಳಾಗಿ ಬೀಳುತ್ತಿದ್ದವು. ಗಡಿಬಿಡಿಯಮ್ಮ ಅವನ್ನೆಣಿಸಿ, "ನಿಮ್ಮ ಐದು ಟ್ಯಾಂಕುಗಳು ಖಾಲಿಯಿರುವುದು ಗಮನಕ್ಕೆ ಬಂದಿದೆ" ಎಂದು ಉತ್ತರ ಬರೆಯುತ್ತಿದ್ದಳು. ಅತ್ತವರು ಇನ್ನಷ್ಟು ಅಳುತ್ತಿದ್ದರು. ಇನ್ನಷ್ಟು ಟ್ಯಾಂಕು ಖಾಲಿಯಾಗುತ್ತಿದ್ದವು.

ಹೀಗೆ ಎಲ್ಲರೂ ಸುಖವಾಗಿರುವಾಗ ಪಂಡಿತರಿಗೆ ಹಲ್ಲುನೋವು ಬಂತು. ಒಂದು ಬೆಳಿಗ್ಗೆ ರಜೆ ಹಾಕಿ ದವಡೆಹಲ್ಲು ಕೀಳಿಸಿಕೊಂಡರು. ವೈದ್ಯೆ ಬಾಯಿಗೆ ಹತ್ತಿ ತುರುಕಿ, ಮಧ್ಯಾಹ್ನದವರೆಗೆ ಮಾತಾಡಕೂಡದು ಎಂದಳು. ಇದು ಕಿವಿಗೆ ಬಿದ್ದಿದ್ದರೆ ಹೆಂಡತಿ ಆ ವೈದ್ಯೆಯನ್ನು ಮನೆಗೆ ಕರೆದು ಸನ್ಮಾನ ಮಾಡುತ್ತಿದ್ದಳು.

ಕೆನ್ನೆ ಹಿಡಿದುಕೊಂಡು ಮನೆ ಮುಟ್ಟಿದರೆ, ಬಾಗಿಲ ಮುಂದಿನ ದೊಡ್ಡ ನೀರಿನ ಪೈಪು ಒಡೆದು ಕೆಸರು ನೀರು ಹೊಸ್ತಿಲು ದಾಟುತ್ತಿತ್ತು. ಮುಂಗೋಣೆಯ ನೆಲದಲ್ಲಿ ಶಾಲೆಯ ಮಕ್ಕಳ ಸಮವಸ್ತ್ರಗಳು, ಹೊಲಿದು ಮಡಚಿದವು, ಸಾಲಾಗಿ ಅಟ್ಟಿಯಾಗಿದ್ದವು. ಅಡಿಯವು ಆಗಲೇ ನೆಂದಿದ್ದವು. ಹೆಂಡತಿ ನೆನೆಯದೆ ಉಳಿದದ್ದನ್ನೆಲ್ಲ ಮಂಚದ ಮೇಲೆ, ಮೆಷಿನ್ ಮೇಲೆ ಪೇರಿಸಿ, ಜಾಗ ಸಾಲದೆ ಒಂದು ಕಟ್ಟನ್ನು ಗಂಡನ ತಲೆಯ ಮೇಲೂ ಇಟ್ಟಳು. ಒಂದು ಕೈಯಲ್ಲಿ ಮೊಬೈಲು. ಚಾಟಿನಲ್ಲಿ ದೂರು ಬರೆದು ಆಗಲೇ ಬಹಳ ಹೊತ್ತಾಗಿತ್ತು. ಅತ್ತಲಿಂದ ಬರುತ್ತಿದ್ದುದು ತಾನೇ ತಾನಾಗಿ ಬರುವ ಒಂದೇ ಸಾಲು: 'ದಯವಿಟ್ಟು ಕಾಯಿರಿ, ನಿಮ್ಮ ಸಹನೆಗೆ ವಂದನೆ.'

"ನನ್ನ ಸಹನೆ ಇವರಿಗೆ ಹೇಗ್ರೀ ಗೊತ್ತು?" ಎಂದಳು ಆಕೆ. "ನಿಮ್ಮ ಆಫೀಸಲ್ಲಿ ಜನ ಇದ್ದಾರೋ, ಅವರೂ ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದಾರೋ?"

ಜನ ಇದ್ದರು. ಚಾಟು ಮುಚ್ಚಿತ್ತು. ಯಾಕೆ ಮುಚ್ಚಿತ್ತೆಂದು ಭೂಮಿಯ ಮೇಲೆ ಒಬ್ಬರಿಗೇ ಗೊತ್ತಿತ್ತು, ಅವರು ತಲೆಯ ಮೇಲೆ ಚಡ್ಡಿಗಳ ಕಟ್ಟು ಹೊತ್ತು ನಿಂತಿದ್ದರು. ಮಾತಾಡಲಾಗದಿದ್ದರೇನು, ಬರೆಯಬಹುದಿತ್ತು. ಪಂಡಿತರು ಮೊಬೈಲು ತೆಗೆದು ಗಡಿಬಿಡಿಯಮ್ಮನಿಗೆ, 'ಮೂಲೆಯಲ್ಲಿರೋ ತಾರೀಖು ಸರಿ ಮಾಡಿ, ತೆರೆಯುತ್ತೆ' ಎಂದು ಬರೆದರು. ಕಳಿಸುವ ಮುನ್ನ ಒಮ್ಮೆ ಓದಿದರು. ಎಷ್ಟು ಸಣ್ಣ ಸಾಲು. ಅಷ್ಟು ದೊಡ್ಡ ಕುರ್ಚಿ ಇಷ್ಟು ಸಣ್ಣ ಸಾಲಿನ ಮೇಲೆ ನಿಂತಿತ್ತು. ಅಳಿಸಿದರು. 'ಬರ್ತಾ ಇದೀನಿ' ಎಂದು ಕಳಿಸಿದರು.

ತಾವೊಬ್ಬರೇ ಹೋಗುವುದಾಗಿ ಕೈಸನ್ನೆ ಮಾಡಿದರೂ ಹೆಂಡತಿ ಕೇಳಲಿಲ್ಲ. ಬಟ್ಟೆ ಕಾಯಲು ಪಕ್ಕದ ಮನೆಯವಳನ್ನು ನಿಲ್ಲಿಸಿ ಬೆನ್ನಿಗೇ ಹೊರಟಳು.

ಕಚೇರಿಯಲ್ಲಿ ಚಿಕಿತ್ಸೆ ಭರದಿಂದ ಸಾಗಿತ್ತು. ಹಳದಿ ಬಟ್ಟೆ ಹಿಡಿದ ಮೇಡಂ ಡಬ್ಬಗಳ ನೆತ್ತಿಯನ್ನು ಹೊಳೆಯುವಷ್ಟು ಉಜ್ಜಿದ್ದರು. ಗಡಿಬಿಡಿಯಮ್ಮ ವೈರಿನ ಬಾಯಿಗೆ ಊದಿ ಊದಿ ತಾನೇ ಸುಸ್ತಾಗಿ ಕೂತಿದ್ದಳು. ಕಾವಲುಗಾರ ಪಕ್ಕೆಗೆ ತಟ್ಟುತ್ತಿದ್ದ. ಮೂರು ಸಾಲದೆಂದು ಮೂವತ್ತು. ಪಂಡಿತರು ತೋರಿಸಿದ್ದನ್ನೆಲ್ಲ ಅವರು ಒಂದಿಷ್ಟೂ ಬಿಡದೆ ಮಾಡಿದ್ದರು. ತೋರಿಸದೆ ಇದ್ದದ್ದನ್ನು ಮಾತ್ರ ಮಾಡಿರಲಿಲ್ಲ.

ಹೆಂಡತಿ ನೇರ ಮೇಡಂ ಬಳಿ ಹೋಗಿ ಪೈಪಿನ ಸಂಗತಿ ಹೇಳಿದಳು. ಚಾಟಿನಲ್ಲಿ ಬಂದರೆ ದೂರಿಗೆ ನಂಬರು ಹುಟ್ಟುತ್ತದೆ, ನಂಬರಿಲ್ಲದೆ ನೀರುಗಂಟಿ ಕೀಲಿ ತಿರುಗಿಸುವುದಿಲ್ಲ, ಆದ್ದರಿಂದ ಆಕೆ ಎದುರಿಗೆ ನಿಂತು ಹೇಳಿದ್ದು ಇನ್ನೂ ದೂರಲ್ಲ ಎಂದು ಮೇಡಂ ವಿನಯದಿಂದ ತಿಳಿಸಿದರು.

ಪಂಡಿತರು ಡಬ್ಬದ ಮುಂದೆ ಕೂತು, ಹಿಂದೆ ಸರಿಯಿರಿ ಎಂದು ಕೈಯಾಡಿಸಿದರು. ಎಲ್ಲರೂ ಸರಿದರು. ಹುಟ್ಟಿದಾಗಿನಿಂದ ಯಾರು ಹೇಳಿದರೂ ಹಿಂದೆ ಸರಿಯದ ಹೆಂಗಸು ಮಾತ್ರ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಯಾಕೆ, ಇದು ಒದೆಯುತ್ತಾ?" ಎಂದಳು. ಆಮೇಲೆ ಮೂಲೆಯನ್ನು ನೋಡಿ, "ರೀ, ಈ ಡಬ್ಬದ ಲೆಕ್ಕದಲ್ಲಿ ನನಗಿನ್ನೂ ಮದುವೆನೇ ಆಗಿಲ್ಲ," ಎಂದಳು. ಸ್ವಲ್ಪ ತಡೆದು, "ಇನ್ನೊಂದ್ಸಲ ಯೋಚನೆ ಮಾಡಬಹುದಿತ್ತು," ಎಂದೂ ಸೇರಿಸಿದಳು.

ಪಂಡಿತರು ತಾರೀಖು ತಿದ್ದಿದರು. ಚಾಟು ಅರಳಿತು.

"ಇಷ್ಟೇನಾ?" ಎಂದಳು ಆಕೆ. "ನಮ್ಮನೆ ಗೋಡೆ ಗಡಿಯಾರ ನಿಂತ್ರೆ ನಾನು ಶೆಲ್ ಹಾಕ್ತೀನಿ. ಇದಕ್ಕೆ ಹಾಕೋರು ಯಾರೂ ಇಲ್ವಾ?"

ಮೇಡಂ ಮುಂದೆ ಬಂದರು. ಬೆಳಗಿನಿಂದ ಡಬ್ಬದ ನೆತ್ತಿ ಉಜ್ಜಿದವರಿಗೆ ಅದು ಬರೀ ಶೆಲ್ಲಿನ ಸಮಾಚಾರ ಎಂದರೆ ಹೇಗಾಗಬೇಡ? "ಅಮ್ಮಾ, ಅದು ನಮಗೆ ನಿಮಗೆ ತಿಳಿಯೋ ವಿಷಯ ಅಲ್ಲ. ಪಂಡಿತ್ರು ದಿನಾ ಎಷ್ಟು ಕಷ್ಟ ಪಡ್ತಾರೆ ನಾವು ನೋಡ್ತೀವಲ್ಲ. ಅಲ್ವಾ ಪಂಡಿತ್ರೇ?"

ಬಾವಿಗೆ ಬಿದ್ದವನಿಗೆ ಏಣಿಯೇ ಇಳಿದು ಬಂದ ಹಾಗೆ. ಹೌದು ಎಂದು ತಲೆಯಾಡಿಸಿದರೆ ಸಾಕು, ಕುರ್ಚಿ ಉಳಿಯುತ್ತಿತ್ತು. ಮಾತಾಡದೆ ಇರಲು ವೈದ್ಯೆಯ ಅಪ್ಪಣೆಯೂ ಇತ್ತು.

ಅಷ್ಟರಲ್ಲಿ ಕಾದಿದ್ದ ದೂರುಗಳು ಪರದೆಯ ಮೇಲೆ ಸುರಿಯತೊಡಗಿದವು. ಇಷ್ಟು ದಿನ ಪಂಡಿತರು ಪರದೆಯ ಮೂಲೆಯನ್ನು ಬಿಟ್ಟು ಬೇರೇನನ್ನೂ ನೋಡಿದವರಲ್ಲ. ಈಗ ಏಳಲು ತೋಚದೆ ಕೂತಿದ್ದರಿಂದ ಓದಿದರು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಒಂದು ಕೊಡ ನೀರಿಲ್ಲ ಎಂದು ಯಾರೋ. ಯಾರಾದರೂ ಇದ್ದೀರಾ ಎಂದು ಇನ್ಯಾರೋ. ಖಾಲಿ ಚೌಕ, ಖಾಲಿ ಚೌಕ. ಅವುಗಳ ನಡುವೆ ತಮ್ಮ ಮನೆಯ ವಿಳಾಸ. ಅದರ ಕೆಳಗೆ ಹೆಂಡತಿ ಬರೆದಿದ್ದಳು: 'ನನ್ನ ಯಜಮಾನರು ನಿಮ್ಮಲ್ಲೇ ಕೆಲಸ ಮಾಡೋದು. ಅವರು ಇದ್ದಿದ್ರೆ ಇಷ್ಟು ಹೊತ್ತಿಗೆ ಸರಿ ಮಾಡಿರೋರು.'

ಪಂಡಿತರು ಬಾಯಿಯಿಂದ ಹತ್ತಿ ತೆಗೆದರು.

"ಅವಳು ಹೇಳಿದ್ದೇ ಸರಿ ಮೇಡಂ," ಎಂದರು. "ಒಂದು ಶೆಲ್ಲು, ಗುಂಡಿಯಷ್ಟು. ತಂದೂ ಇಟ್ಟಿದ್ದೆ. ಹಾಕಲಿಲ್ಲ."

ಹೆಂಡತಿ ಕಣ್ಣು ಕಿರಿದು ಮಾಡಿ, "ಗುಂಡಿಯಷ್ಟು ಅಂದ್ರೆ, ಆ ತೂತಿಲ್ಲದ್ದಾ?" ಎಂದಳು. ಪಂಡಿತರು ತಲೆ ತಗ್ಗಿಸಿದರು. ಆಕೆಯ ಬಾಯಲ್ಲಿ ಬಹಳ ಮಾತಿತ್ತು. ಆದರೆ ಅದನ್ನೆಲ್ಲ ಮನೆಗೆಂದು ಎತ್ತಿಟ್ಟುಕೊಂಡು, ದೂರಿಗೆ ನಂಬರು ಹುಟ್ಟಿಸುವಂತೆ ಗಡಿಬಿಡಿಯಮ್ಮನನ್ನು ಅವಸರಿಸಿದಳು. ನಂಬರು ಹುಟ್ಟಿತು, ನೀರುಗಂಟಿ ಹೊರಟ, ಪೈಪು ರಿಪೇರಿಯಾಯಿತು. ಆ ರಾತ್ರಿಯ ಮಾತುಕತೆಯನ್ನು ಬರೆಯಲು ಇಲ್ಲಿ ಜಾಗವಿಲ್ಲ. ನೆಂದ ಚಡ್ಡಿಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿದವರು ಪಂಡಿತರು ಎಂದರೆ ಸಾಕು.

ಮರುದಿನ ಗುಂಡಿ ಡಬ್ಬಿ ಕಚೇರಿಗೆ ಬಂತು. ಕಬ್ಬಿಣದ ಹುಕ್ಕುಗಳ ಸಹವಾಸದಿಂದ ಒಂದು ಶೆಲ್ ಸತ್ತಿತ್ತು. ಅದಕ್ಕೆ ಬದಲು ಹೊಸದು ತಂದು ನಾಲ್ಕಕ್ಕೂ ಹಾಕಿದರು. ಕಾವಲುಗಾರ ಸಂಜೆ ಕೋಲೆತ್ತಿ ಸ್ವಿಚ್ಚು ಇಳಿಸಿದ. ಬೆಳಿಗ್ಗೆ ನಾಲ್ಕೂ ಡಬ್ಬಗಳು ಇಂದಿನ ದಿನಕ್ಕೇ ಎದ್ದವು.

ಮೇಡಂ ಸಿಟ್ಟು ಮಾಡಲಿಲ್ಲ. ಮಾಡಿದರೆ ಹಳದಿ ಬಟ್ಟೆಯ ಕಥೆ ಹೊರಗೆ ಬರುತ್ತಿತ್ತು. ರೋಗಿಗಳು ಪೂರ್ಣ ಗುಣವಾದ್ದರಿಂದ ಪಂಡಿತರಿಗೆ ಉಗ್ರಾಣದ ಹೆಚ್ಚಿನ ಹೊಣೆ ಕೊಡಲಾಗಿದೆ ಎಂದರು, ಅಷ್ಟೇ. ಪಂಡಿತರು ತುಕ್ಕು, ಹಲ್ಲಿ, ಗೋಡೆಗಳ ನಡುವೆ ಮತ್ತೆ ಕೂತರು. ಬೆಳಿಗ್ಗೆ ಬರುವ ದೂರುಗಳಿಗೆ ಈಗ ಬೆಳಿಗ್ಗೆಯೇ ನಂಬರು ಹುಟ್ಟುತ್ತಿತ್ತು.

ಆದರೆ ಗೋಡೆಯಾಚೆಯಿಂದ ದಿನಾ ಒಂದು ಸದ್ದು ಕೇಳುತ್ತಿತ್ತು. ಟಕ್, ಟಕ್, ಟಕ್. ಕೆಲವು ದಿನ ತಡೆದು, ಕೊನೆಗೆ ಎದ್ದು ಹೋಗಿ ನೋಡಿದರು. ಗಡಿಬಿಡಿಯಮ್ಮ ಡಬ್ಬದ ಪಕ್ಕೆಗೆ ತಟ್ಟಿ ಕಿವಿಯಿಟ್ಟಿದ್ದಳು. ಹಳದಿ ಬಟ್ಟೆ ಹೆಗಲ ಮೇಲಿತ್ತು. ಅದೆಲ್ಲ ಬೇಕಿಲ್ಲ, ಅದು ಎಂದೂ ಬೇಕಿರಲಿಲ್ಲ ಎಂದು ಪಂಡಿತರು ಬಿಡಿಸಿ ಹೇಳಿದರು.

"ಗೊತ್ತು ಪಂಡಿತ್ರೇ," ಎಂದಳು ಆಕೆ ಗುಟ್ಟಿನಲ್ಲಿ. "ಆದ್ರೂ ನಿಲ್ಸಿದ ದಿನವೇ ಕೆಟ್ಟು ಹೋದ್ರೆ? ಸ್ವಲ್ಪ ಹಿಂದೆ ಸರೀರಿ, ಶಾಖ ಬಿಡುತ್ತೆ."

ಪಂಡಿತರು ಹಿಂದೆ ಸರಿದರು.