ಖಾದರ್ ಚಾಚಾನ ಚೀಲ

ಹಾವೇರಿಯ ಆಸ್ಪತ್ರೆಯೊಂದರ ವಾರ್ಡಿಗೆ ಖಾಲಿ ಗೋಣಿಚೀಲ ಹೆಗಲಿಗೇರಿಸಿಕೊಂಡು ನುಗ್ಗಿದ ಏಕೈಕ ಮೂರ್ಖ ನಾನು. ಪಕ್ಕದ ಮನೆಯ ಚಾಚಿ ಫೋನಿನಲ್ಲಿ, "ಚಾಚಾಂದು ಚೀಲ ಸೋರಾಕತ್ತೈತಿ, ಹೊಸಾದೊಂದು ತೊಗೊಂಡು ಲಗೂ ಬಾ" ಅಂದಿದ್ದಳು. ಬ್ಯಾಡಗಿಯಲ್ಲಿ ಚೀಲ ಅಂದರೆ ಮೆಣಸಿನಕಾಯಿ ಚೀಲ, ಇನ್ನೇನು? ಅದರ ಘಾಟಿಗೆ ಇಡೀ ಬಸ್ಸು ಕೆಮ್ಮುತ್ತಾ ನನ್ನನ್ನು ಶಪಿಸಿತು.

ನರ್ಸಮ್ಮ ಸೀನಿದಳು. ಖಾದರ್ ಚಾಚಾ ಮಾತ್ರ ಹೊಟ್ಟೆ ಹಿಡಿದುಕೊಂಡು, "ಖೋಡಿ, ನನ್ನ ಇಡಿಯಾಗಿ ತುಂಬಿ ಒಯ್ಯಾಂವೇನು? ನಗಸಬ್ಯಾಡೋ, ಹೊಲಗಿ ಬಿಚ್ಚತಾವು!" ಎಂದ. ಆಪರೇಷನ್ ಆದಮೇಲೆ ಅವನು ನಕ್ಕಿದ್ದು ಅದೇ ಮೊದಲಂತೆ.

ಕರುಳಿನ ಕೆಟ್ಟ ಭಾಗ ತೆಗೆದು, ಉಳಿದ ತುದಿಯನ್ನು ವೈದ್ಯರು ಹೊಟ್ಟೆಯ ಎಡಬದಿಗೆ ಹೊರತಂದಿದ್ದರು. ಇನ್ನು ಮುಂದೆ ಮಲಕ್ಕೆ ಅದೇ ದಾರಿ. ಅಲ್ಲಿ ಅಂಟಿಸಿದ ಪ್ಲಾಸ್ಟಿಕ್ ಚೀಲವೇ ಚಾಚಿ ಹೇಳಿದ ಚೀಲ.

ಚಾಚಾ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಮುರಿದು ಮೂಸಿ ದರ್ಜೆ ಹೇಳುವವನು. ಅಂಥವನು ಮನೆಗೆ ಬಂದಮೇಲೆ ಹೊಸ್ತಿಲು ದಾಟಲಿಲ್ಲ. "ಅಂಗಡ್ಯಾಗಿನ ಎಲ್ಲಾರ ಮೂಗೂ ನಾನ ತಯಾರ ಮಾಡೇನಿ. ಈಗ ಅವ್ರ ನಡುವ ಹೆಂಗ ಕುಂದರ್ಲಿ?" ಎನ್ನುತ್ತಿದ್ದ.

ನನಗೋ ಕಂಡಲ್ಲೆಲ್ಲ ಇಣುಕುವ ಚಟ. ಒಂದು ದಿನ ಅವನು ಚೀಲ ಬದಲಿಸುವಾಗ, "ಚಾಚಾ, ಒಂಚೂರು ನೋಡ್ಲೇನು?" ಅಂದೆ. ಅಂಗಿ ಎತ್ತಿದ. ಕೆಂಪಗೆ, ಒದ್ದೆಯಾದ ಮೊಗ್ಗಿನ ಹಾಗಿತ್ತು.

"ಮುಟ್ಟಿದ್ರ ಉರೀತೈತೇನು?"

"ಏನೂ ಇಲ್ಲ. ಕೆಂಪ ಇದ್ರ ಛಲೋ ಅಂತ ಡಾಕ್ಟರೂ ಅಂದಾರ. ಬಣ್ಣ ಐತಿ, ಖಾರ ಇಲ್ಲ. ಖರೇ ಬ್ಯಾಡಗಿ ಮಾಲು!"

ತನ್ನ ಮಾತಿಗೆ ತಾನೇ ಬೆರಗಾಗಿ ಕೂತ. ಮರುದಿನ ಇಸ್ತ್ರಿ ಅಂಗಿ ತೊಟ್ಟು, ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೊರಟ.

ರಾಣೆಬೆನ್ನೂರಿನ ವ್ಯಾಪಾರಿಗಳು ಮಾಲು ನೋಡುತ್ತಿದ್ದರು. ಅಷ್ಟರಲ್ಲಿ ಚಾಚಾನ ಅಂಗಿಯೊಳಗಿಂದ ಪುರ್ರ್ ಎಂದು ಸದ್ದು ಬಂತು. ಎಲ್ಲರ ಕೈಗಳೂ ನಿಂತವು. ಚಾಚಾನ ಮುಖ ಬಿಳಚಿಕೊಂಡಿತು. ನನ್ನೊಳಗಿನ ಹೀರೋ ಜಿಗಿದೆದ್ದ: "ನಂದ್ರೀ! ಮುಂಜಾನೆ ಮಿರ್ಚಿ ಭಜಿ ಜಾಸ್ತಿ ಆದ್ವು!"

"ಥೂ, ಹೊರಗ ನಡಿ ಮಂಗ್ಯಾ!" ಎಂದು ಎಲ್ಲರೂ ಸೇರಿ ದಬ್ಬಿದರು.

ಚಾಚಾ ಹೊಗಳುತ್ತಾನೆಂದು ಸಂಜೆಯವರೆಗೆ ಎದೆಯುಬ್ಬಿಸಿಕೊಂಡು ಕಾದೆ. ಹೋದ ವರ್ಷ ತೀರಿಕೊಳ್ಳುವವರೆಗೂ ಅವನು ದಿನಾ ಆ ಅಂಗಡಿಗೆ ಹೋಗಿಬಂದ. ಅವತ್ತು ಸಂಜೆ ಮಾತ್ರ ಚಹಾ ಕೊಡಿಸಿ ಹೇಳಿದ್ದು ಇಷ್ಟೇ:

"ಇನ್ನೊಮ್ಮೆ ನಂದು ಅನಬ್ಯಾಡ. ನನ್ನ ಜೀವಾ ಉಳಿಸೈತಿ ಅದು. ಅದರ ಆವಾಜ್ ಬಂದ್ರ, ನಂದ ಅಂತ ನಾನ ಹೇಳ್ತೇನಿ."