ಸೊನ್ನೆ ಮೇಸ್ತ್ರಿಯ ನೂರಿಪ್ಪತ್ತು

ಇಪ್ಪತ್ತೊಂಬತ್ತು ತುಂಬುವಷ್ಟರಲ್ಲೇ ಅವನಿಗೆ ಮೇಸ್ತ್ರಿ ಪಟ್ಟ ಕಟ್ಟಿಯಾಗಿತ್ತು. ಒತ್ತಡ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪು ಅದು. ಬಾಯ್ಲರಿನದಿರಲಿ, ಟೈರಿಗೆ ಗಾಳಿ ಹೊಡೆಯುವ ಪಂಪಿನದಿರಲಿ, ದಾರಿ ತಪ್ಪಿದ ಮುಳ್ಳಿನ ಕಿವಿ ಹಿಂಡಿ ಸೊನ್ನೆಗೆ ತಂದು ನಿಲ್ಲಿಸುತ್ತಿದ್ದ. ಹಾಗಾಗಿ ಊರೆಲ್ಲ ಅವನನ್ನು ಸೊನ್ನೆ ಮೇಸ್ತ್ರಿ ಎನ್ನುತ್ತಿತ್ತು. ಬೆಂಚಿನ ಕೊನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ತಾಯಿ ಮೀಟರು ಮಹಾರಾಣಿಯಂತೆ ಕೂತಿರುತ್ತಿತ್ತು. ರಿಪೇರಿಯಾದ ಪ್ರತಿಯೊಂದೂ ಅದಕ್ಕೆ ತಾಳೆಯಾಗಬೇಕು. ಆಗದಿದ್ದರೆ ‘ಬಳಸಬಾರದು’ ಎಂಬ ಕೆಂಪು ಚೀಟಿ. ಈ ರಾಜಶಾಸನವನ್ನು ಮೇಸ್ತ್ರಿ ಹನ್ನೊಂದು ವರ್ಷದಲ್ಲಿ ಮುರಿದದ್ದು ಒಂದೇ ಒಂದು ಸಲ.

ಪ್ರತಿ ಗುರುವಾರ ಒಬ್ಬರು ನರ್ಸು ವರ್ಕ್‌ಶಾಪಿಗೆ ಬಂದು ಎಲ್ಲರ ಬಿ.ಪಿ. ನೋಡುತ್ತಿದ್ದರು. ಗುರುವಾರ ಬಂತೆಂದರೆ ನಮ್ಮ ವೀರನಿಗೆ ಗೋದಾಮಿನಲ್ಲಿ ತುರ್ತು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಒಂದು ಗುರುವಾರ ಅವನ ಅಕ್ಕನೇ ಬಂದು ಬಾಗಿಲಿಗೆ ಅಡ್ಡ ನಿಂತಳು. ಅವಳು ಎದುರು ಬೀದಿಯಲ್ಲಿ ಬಟ್ಟೆ ಹೊಲಿಯುವವಳು. ಕೊರಳಿನಲ್ಲಿ ಸದಾ ಅಳತೆ ಟೇಪು. ಅಪ್ಪ ನಲವತ್ತೇಳನೇ ವಯಸ್ಸಿನಲ್ಲಿ, ಎರಡನೇ ಮಹಡಿಯ ಮೆಟ್ಟಿಲ ಮೇಲೆ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ.

ಮೇಸ್ತ್ರಿ ಶರಣಾದ. ಎಡ ಜೇಬಿನಲ್ಲಿ ಉಪ್ಪು ಹಾಕಿ ಹುರಿದ ಕಡಲೆಬೀಜ, ಬಲ ಜೇಬಿನಲ್ಲಿ ಸಿಗರೇಟು, ಹೀಗೆ ಸಶಸ್ತ್ರನಾಗಿಯೇ ಕುರ್ಚಿಯಲ್ಲಿ ಕೂತ. ನರ್ಸು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಿಂಡಿ, ಹುಬ್ಬು ಗಂಟಿಕ್ಕಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು.

“ನೂರೈವತ್ತೆಂಟು. ಕೆಳಗಿಂದು ನೂರು. ಡಾಕ್ಟರಿಗೆ ತೋರಿಸಿ ಮೇಸ್ತ್ರಿ.”

“ಸಿಸ್ಟರ್, ನಿಮ್ಮ ಮೀಟರ್ ಕೆಟ್ಟಿದೆ.”

“ಎಲ್ಲರಿಗೂ ಸರಿಯಾಗೇ ತೋರಿಸ್ತಲ್ಲಪ್ಪ.”

“ನಂಗೆ ತಲೆನೋವಿಲ್ಲ, ಸುಸ್ತಿಲ್ಲ. ನಲವತ್ತು ಕಿಲೋ ತೂಕದ ಪೆಟ್ಟಿಗೆ ಒಬ್ಬನೇ ಎತ್ತೀನಿ. ಇಲ್ಲಿ ಕೊಡಿ, ಸರಿ ಮಾಡಿ ಕೊಡ್ತೀನಿ.”

“ಏನೂ ಗೊತ್ತಾಗದೇ ಇರೋದೇ ಇದರ ಕಾಟ,” ಎಂದರು ಅವರು. ಆದರೆ ರಿಪೇರಿಯ ವಿಷಯದಲ್ಲಿ ಊರಿಗೆ ಊರೇ ಅವನ ಮಾತು ಕೇಳುತ್ತಿತ್ತು. ಅವರೂ ಕೇಳಿ, ಮೀಟರು ಒಪ್ಪಿಸಿ ಹೋದರು.

ಮೇಸ್ತ್ರಿ ಅದರ ಬೆನ್ನು ಬಿಚ್ಚಿದ. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು, ಪಾಪ. ಹಲ್ಲುಚಕ್ರ ಸ್ವಚ್ಛವಾಗಿತ್ತು. ಆಮೇಲೆ ಅವನು ಮಾಡಿದ್ದು ಆ ಕಸುಬಿನವನಿಗೆ ಮಾತ್ರ ಹೊಳೆಯುವಂಥದ್ದು. ಆರೋಗ್ಯವಂತನಿಗೆ ನೂರಿಪ್ಪತ್ತು ಇರಬೇಕು, ನಾನು ಆರೋಗ್ಯವಂತ, ಆದ್ದರಿಂದ ನನ್ನ ತೋಳಿಗೆ ಕಟ್ಟಿದಾಗ ನೂರಿಪ್ಪತ್ತು ತೋರಿಸುವ ಮೀಟರೇ ಸರಿಯಾದ ಮೀಟರು. ತೋಳಿಗೆ ಕಟ್ಟಿ, ಒಳಗಿನ ಸ್ಕ್ರೂ ತಿರುಗಿಸಿದ. ಮತ್ತೆ ಕಟ್ಟಿದ, ಮತ್ತೆ ತಿರುಗಿಸಿದ. ಏಳನೇ ಸಲಕ್ಕೆ ಮುಳ್ಳು ಸೋಲೊಪ್ಪಿತು. ತಾಯಿ ಮೀಟರಿನ ಕಡೆ ಅವನು ತಲೆ ಎತ್ತಿಯೂ ನೋಡಲಿಲ್ಲ. ಮನುಷ್ಯಕುಲಕ್ಕೆಲ್ಲ ತಾನೇ ತಾಯಿ ಮೀಟರಾದ ಮೇಲೆ ಇನ್ನೊಂದು ಯಾಕೆ?

“ನೋಡೇ ಅಕ್ಕ, ನೂರಿಪ್ಪತ್ತು!”

ಅಕ್ಕ ಕೊರಳ ಟೇಪು ಕಿತ್ತು ಅವನ ಮುಖಕ್ಕೆ ಹಿಡಿದಳು. “ನನ್ನ ಗಿರಾಕಿ ಸೊಂಟ ನಾಲ್ಕು ಇಂಚು ದಪ್ಪ ಆದ್ರೆ ನಾನು ಟೇಪ್ ಎಳೆದು ಉದ್ದ ಮಾಡ್ತೀನೇನೋ? ಅಪ್ಪನೂ ನಂಗೇನಾಗಿದೆ ಅಂತಾನೇ ಮೆಟ್ಟಿಲು ಹತ್ತಿದ್ದು.”

“ಅಪ್ಪಂಗೆ ವಯಸ್ಸಾಗಿತ್ತು.”

“ಅಪ್ಪಂಗೂ ಒಂದು ಕಾಲಕ್ಕೆ ಇಪ್ಪತ್ತೊಂಬತ್ತೇ ಇತ್ತು ಕಣೋ, ಕತ್ತೆ!”

ಮುಂದಿನ ಗುರುವಾರ ಆ ಮೀಟರು ವರ್ಕ್‌ಶಾಪಿನ ಮೇಲೆ ಆರೋಗ್ಯದ ಮಳೆ ಸುರಿಸಿತು. ಮ್ಯಾನೇಜರು ಎದೆ ಉಬ್ಬಿಸಿಕೊಂಡು ಹೊರಬಂದರು. ಆಮೇಲೆ ಗೇಟಿನ ಕಾವಲುಗಾರ ತಾತನ ಸರದಿ. ಹತ್ತು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿಸದ ಆ ಶಿಸ್ತಿನ ಮುದುಕನಿಗೆ ಮುಳ್ಳು ತೊಂಬತ್ತಾರು ತೋರಿಸಿತು. ನರ್ಸು ಗಾಬರಿಯಾಗಿ ಅವರನ್ನು ಆಸ್ಪತ್ರೆಗೆ ಅಟ್ಟಿದರು. ಅರ್ಧ ದಿನ ಬೆಂಚಿನ ಮೇಲೆ ಕೂರಿಸಿಕೊಂಡ ಆಸ್ಪತ್ರೆ ಕೊನೆಗೆ ನೂರಿಪ್ಪತ್ತಾರು ಎಂದಿತು.

ಸಂಜೆ ತಾತ ನೇರ ಮೇಸ್ತ್ರಿಯ ಬೆಂಚಿಗೆ ಬಂದರು. ಹಿಂದೆ ನರ್ಸು, ಅವರ ಹಿಂದೆ ಅಕ್ಕ.

“ನಾನು ಮಾತ್ರೆ ನಿಲ್ಲಿಸೋದೊಂದು ಬಾಕಿ ಇತ್ತು. ಡಾಕ್ಟ್ರು ಬೇಡ ಅಂದ್ರು, ಬದುಕ್ದೆ. ಹಾಕಯ್ಯ ಇದನ್ನ ತಾಯಿ ಮೀಟರಿಗೆ!”

ತಪ್ಪಿಸಿಕೊಳ್ಳೋಣವೆಂದರೆ ಗೋದಾಮಿಗೆ ಬೀಗ ಬಿದ್ದಿತ್ತು. ಮೇಸ್ತ್ರಿ ಎರಡೂ ಮೀಟರುಗಳನ್ನು ಒಂದೇ ಕೊಳವೆಗೆ ಜೋಡಿಸಿ ಗಾಳಿ ಹಿಂಡಿದ. ಅವನು ತಿದ್ದಿದ ಮುಳ್ಳು ನೂರಿಪ್ಪತ್ತಕ್ಕೆ ಬಂದಾಗ ನಿಲ್ಲಿಸಿದ. ಗಾಜಿನ ಪೆಟ್ಟಿಗೆಯೊಳಗೆ, ಅವನು ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸುವ ಆ ದೊಡ್ಡ ಮುಖದ ಮೇಲೆ, ನೂರೈವತ್ತೆಂಟು.

ಇನ್ನೊಮ್ಮೆ ಹಿಂಡಿದ. ನೂರೈವತ್ತೆಂಟು. ಮೂರನೇ ಸಲ ಹಿಂಡಿದ, ಮುಳ್ಳು ಜಗ್ಗಲಿಲ್ಲ.

ಯಾರೂ ನಗಲಿಲ್ಲ. ಅದೇ ಅವನನ್ನು ಹೆಚ್ಚು ಕೆರಳಿಸಿತು. “ಆಯ್ತು, ಏನೀಗ? ಇಪ್ಪತ್ತೊಂಬತ್ತಕ್ಕೇ ಮುದುಕ ಆಗಬೇಕಾ?”

“ಆಗದೇ ಹೋಗ್ತೀಯಲ್ಲ ಅಂತಾನೇ ನಂಗೆ ಭಯ,” ಎಂದಳು ಅಕ್ಕ.

ತಾತ ಬೆಂಚಿನ ಮೇಲಿದ್ದ ಕೆಂಪು ಚೀಟಿಯೊಂದನ್ನು ಎತ್ತಿ ನರ್ಸಿನ ಮೀಟರಿಗೆ ಕಟ್ಟಿದರು. ಇನ್ನೊಂದನ್ನು ಮೇಸ್ತ್ರಿಯ ಅಂಗಿಯ ಗುಂಡಿಗೆ ಕಟ್ಟಿದರು.

ಎರಡು ವಾರ ದಿನಾ ಅಳೆದು ಬರೆದು ತಾ ಎಂದರು ಡಾಕ್ಟರು. ಉಪ್ಪು ಕಡಿಮೆ, ಸಿಗರೇಟು ಬಂದ್, ದಿನಾ ಅರ್ಧ ಗಂಟೆ ನಡಿಗೆ, ಇಳಿಯದಿದ್ದರೆ ಮಾತ್ರೆ. “ರಿಪೇರಿ ಯಾವತ್ತು ಮುಗಿಯುತ್ತೆ?” ಎಂದು ಮೇಸ್ತ್ರಿ ಕೇಳಿದ್ದಕ್ಕೆ, “ನಿಮ್ಮ ಬಾಯ್ಲರ್ ತಪಾಸಣೆ ಯಾವತ್ತು ಮುಗಿಯುತ್ತಪ್ಪ?” ಎಂದು ಕೇಳಿದರು. ಕಸುಬು ಗೊತ್ತಿರುವವರ ಹತ್ತಿರ ವಾದ ಮಾಡುವುದು ಮೇಸ್ತ್ರಿಗೆ ಕಷ್ಟ.

ಈಗ ಅವನು ಗೊಣಗುತ್ತ ನಡೆಯುತ್ತಾನೆ, ಗೊಣಗುತ್ತ ಸಪ್ಪೆ ಉಣ್ಣುತ್ತಾನೆ, ಎಡ ಜೇಬು ಮುಟ್ಟಿ ನೋಡಿ ಇನ್ನಷ್ಟು ಗೊಣಗುತ್ತಾನೆ. ನರ್ಸಿನ ಮೀಟರನ್ನು ತಾಯಿ ಮೀಟರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದ್ದಾನೆ. ಎರಡು ವಾರಕ್ಕೆಂದು ನರ್ಸು ಬಿಟ್ಟುಹೋದ ಅದನ್ನೇ ದಿನಾ ಬೆಳಿಗ್ಗೆ ತೋಳಿಗೆ ಕಟ್ಟಿ, ಬಂದದ್ದನ್ನು ಬಂದ ಹಾಗೆಯೇ ರಿಪೇರಿ ಪುಸ್ತಕದಲ್ಲಿ ಬರೆಯುತ್ತಾನೆ. ನಿನ್ನೆ ನೂರೈವತ್ತೊಂದು. ಹಲ್ಲು ಕಡಿಯುತ್ತ ಬರೆದ. ಸ್ಕ್ರೂಡ್ರೈವರು ಕೈಗೆಟುಕುವಲ್ಲೇ ಇತ್ತು.