ರೋಸ್ ಆದ ಮರುದಿನದ ಕಬಡ್ಡಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಉಡುಪಿಯ ನಮ್ಮ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡವೆಂದರೆ ಒಬ್ಬಳೇ ಎನ್ನುವ ಹಾಗಿತ್ತು. ಕಾಪುವಿನ ಕೊಂಕಣಿ ಕ್ರೈಸ್ತರ ಮನೆಯ ಅವಳು ರೈಡಿಗೆ ಹೋದರೆ ಎದುರಿನವರಲ್ಲಿ ಒಬ್ಬಿಬ್ಬರನ್ನಾದರೂ ಮುಟ್ಟದೆ ಹಿಂದೆ ಬಂದವಳಲ್ಲ. ಉಳಿದವರು ಕೈ ಕೈ ಹಿಡಿದು ನಿಂತು, ಬಂದವರ ಕಾಲು ಕಟ್ಟಿದರೆ ಸಾಕಿತ್ತು. ನಾನು ಎರಡು ವರ್ಷ ಬೆಂಚಿನ ಮೇಲೆ ಕುಳಿತು ಅವಳ ಚಪ್ಪಲಿ, ವಾಚು, ಕೊರಳಿನ ಸರ ಕಾದವಳು. ರೈಡ್ ಮಾಡಲು ನನಗೂ ಬರುತ್ತಿತ್ತು. ಕೇಳುವವರು ಯಾರು?

ಅವಳಿಗೆ ಮದುವೆ ನಿಶ್ಚಯವಾಯಿತು ಎಂದಾಗ ನನಗೆ ತುಂಬಾ ಸಂತೋಷವಾಯಿತು. ಅವಳ ಮದುವೆಗಲ್ಲ, ಜಾಗ ಖಾಲಿಯಾಗುವುದಕ್ಕೆ. ಆದರೆ ಅವಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಕಾರ್ಕಳದಲ್ಲಿ ಫೈನಲ್ ಪಂದ್ಯ ಸರಿಯಾಗಿ ಮದುವೆಯ ದಿನವೇ ಬಿತ್ತು. ಪಂದ್ಯ ಬೆಳಿಗ್ಗೆ, ಮದುವೆ ಸಂಜೆ. "ಆಡಿ ಬಂದು, ಸ್ನಾನ ಮಾಡಿ, ಗೌನು ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ತಿ?" ಎಂದಳು. ನನ್ನ ಮುಖ ಬಾಡಿತು.

ಹಿಂದಿನ ದಿನ ಸಂಜೆ ತಂಡದವರೆಲ್ಲ ಅವಳ ಮನೆಗೆ ರೋಸ್‌ಗೆ ಹೋದೆವು. ಮದುವೆಯ ಮುನ್ನಾದಿನ ಮದುಮಗಳಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಸುರಿಯುವ ಶಾಸ್ತ್ರ ಅದು. ನೆಂಟರೆಲ್ಲ ಸರದಿಯಲ್ಲಿ ಬಂದು ಹಾಲು ಸುರಿದರು, ನಾವೂ ಸುರಿದೆವು. ಕಡೆಗೆ ಅವಳು ನಾಳೆಯ ಪಂದ್ಯದ ಮಾತೆತ್ತಿದಳು. ಅವಳ ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಇಟ್ಟರು.

"ರೋಸ್ ಆದ ಮದುಮಗಳು ಅಂಗಳ ದಾಟ್ಲಿಕ್ಕಿಲ್ಲ. ಇನ್ನು ಹೋಗುವುದಿದ್ರೆ ಮದುವೆಗೆ ಇಗರ್ಜಿಗೇ. ಕಾಲು ಮುರ್ಕೊಂಡು ಬಂದ್ರೆ ಮದುಮಗನಿಗೆ ಎಂತ ಹೇಳುವುದು?"

ಅವಳು ನನ್ನನ್ನು ಚಪ್ಪರದ ಮೂಲೆಗೆ ಕರೆದು, "ನನ್ನ ಕಾಲು ಹಿಡಿ" ಎಂದಳು. ತಲೆಯಿಂದ ಪಾದದವರೆಗೆ ಹಾಲು ತೊಟ್ಟಿಕ್ಕುತ್ತಿತ್ತು. ಬಲವಾಗಿ ಹಿಡಿದೆ. ಜಾರಿತು. ಎರಡೂ ಕೈಯಿಂದ ಹಿಡಿದರೂ ಜಾರಿತು. "ನೋಡು, ಹಿಮ್ಮಡಿ ತಿರುಗಿಸಿ ಎಳೀಬೇಕು. ಅಷ್ಟೇ ಉಂಟು" ಎಂದಳು. ಅಷ್ಟೇ ಎಂದು ನಾನೂ ನಂಬಿದೆ.

ಮರುದಿನ ನಾನು ಅಂಕಣಕ್ಕಿಳಿದದ್ದೇ ತಡ, ಸುತ್ತ ನಿಂತ ಹುಡುಗರು "ನಿಮ್ಮ ರೈಡರ್ ಎಲ್ಲಿ?" ಎಂದು ಕೂಗತೊಡಗಿದರು. ರೈಡಿಗೆ ಹೋಗಿ ಅವಳಂತೆಯೇ ಕಾಲು ಚಾಚಿದೆ. ಹಿಡಿದರು. ಹಿಮ್ಮಡಿ ತಿರುಗಿಸಿ ಎಳೆದೆ. ಕಾಲು ಅವರ ಕೈಯಲ್ಲೇ ಉಳಿಯಿತು, ನಾನು ಮಣ್ಣು ಮುಕ್ಕಿದೆ. ಅಷ್ಟೊಂದು ಎಣ್ಣೆ, ಹಾಲು ಸುರಿದ ಕಾಲು ಯಾರ ಕೈಗಾದರೂ ಸಿಗುತ್ತದೆಯೇ? ಇಷ್ಟು ಹೊಳೆಯದೆ ನಾನು ಹಿಂದಿನ ರಾತ್ರಿಯೆಲ್ಲ ಮಂಚದ ಮೇಲೆ ಮಲಗಿ ಹಿಮ್ಮಡಿ ತಿರುಗಿಸಿದ್ದೇ ತಿರುಗಿಸಿದ್ದು.

ಔಟಾಗಿ ಹೊರಗೆ ಬಂದವಳ ಮೇಲೆ ಪಿ.ಟಿ. ಟೀಚರ್ ರೇಗಿದರು. "ನೀನು ಅವಳ ಹಾಗೆ ಎಂತಕ್ಕೆ ಮಾಡುವುದು? ನಿನಗೆ ದಮ್ಮುಂಟಲ್ಲ, ಅದರಲ್ಲಿ ಆಡು."

ದಮ್ಮು ನಿಜಕ್ಕೂ ಇತ್ತು. ಇನ್ನಂಜೆಯ ನಮ್ಮ ಮನೆಯ ಹತ್ತಿರದ ಕೆರೆಯಲ್ಲಿ ಅಣ್ಣಂದಿರ ಜೊತೆ ಪಂತ ಕಟ್ಟಿ ಮುಳುಗಿ ಬಂದ ದಮ್ಮು ಅದು. ನಮ್ಮವರು ಎದುರಿನವಳೊಬ್ಬಳನ್ನು ಹಿಡಿದಾಗ ನಾನು ಮತ್ತೆ ಒಳಗೆ ಹೋದೆ. ಈ ಸಲ ರೈಡಿನಲ್ಲಿ ನುಗ್ಗಲಿಲ್ಲ. ಆಚೀಚೆ ಸರಿಯುತ್ತ "ಕಬಡ್ಡಿ ಕಬಡ್ಡಿ" ಹೇಳುತ್ತಲೇ ಇದ್ದೆ. ಇವಳ ಉಸಿರು ಈಗ ಮುಗಿಯುತ್ತದೆ, ಆಗ ಮುಗಿಯುತ್ತದೆ ಎಂದು ಕಾದು ಬೇಸತ್ತ ಹುಡುಗಿಯೊಬ್ಬಳು ಮುಂದೆ ಬಂದಳು. ಅವಳ ಭುಜ ತಟ್ಟಿ ಹಿಂದಕ್ಕೆ ಓಡಿದೆ. ಅಂದಿನ ಆಟವೆಲ್ಲ ಹೀಗೇ ನಡೆಯಿತು. ನೋಡಲು ಚಂದವೇನೂ ಇರಲಿಲ್ಲ, ಆದರೆ ಗೆದ್ದೆವು.

ಬೆಳ್ಮಣ್, ಶಿರ್ವ ದಾಟಿ ಕಾಪುವಿಗೆ ಬರುವ ಬಸ್ಸಿನಲ್ಲಿ, ಮದುಮಗಳಿಗೆ ಏನು ಹೇಳುವುದೆಂದು ದೊಡ್ಡ ಚರ್ಚೆಯಾಯಿತು. "ಸೋತೆವು ಅಂತ ಹೇಳುವ. ಅವಳಿಗೆ ಸ್ವಲ್ಪ ಸಮಾಧಾನ ಆಗ್ತದೆ" ಎಂದಳು ನಮ್ಮ ಕ್ಯಾಪ್ಟನ್. "ಮದುವೆ ದಿನ ಸೋತ ಸುದ್ದಿ ಹೇಳುವುದಾ?" ಎಂದಳು ಇನ್ನೊಬ್ಬಳು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ಬೆಂಚು ಸವೆಸಿ ಗೆದ್ದವಳು ನಾನು. ಸೋತೆವು ಎಂದು ಯಾಕೆ ಹೇಳಬೇಕು?

ಇಗರ್ಜಿಯ ಹೊರಗೆ ಫೋಟೋಕ್ಕೆ ನಿಂತಿದ್ದವಳು ನಮ್ಮನ್ನು ಕಂಡದ್ದೇ ಗೌನು ಎತ್ತಿಕೊಂಡು ಓಡಿ ಬಂದಳು.

"ಎಂತ ಆಯ್ತು?"

"ಗೆದ್ದೆವು" ಎಂದೆ.

ಅವಳು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ನನ್ನ ಅಂಗಿಯ ಕೆಂಪು ಮಣ್ಣು ಬಿಳಿ ಗೌನಿಗೆಲ್ಲ ಮೆತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಿವಿಯ ಹತ್ತಿರ, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: "ನಾನಿಲ್ಲದಿದ್ರೆ ಸೋಲ್ತೀರಿ ಅಂತ ಎಣಿಸಿದ್ದೆ ಮಾರಾಯ್ತಿ. ಸೋಲ್ಬೇಕು ಅಂತಲೂ ಮನಸ್ಸಲ್ಲಿತ್ತು."

ಮದುಮಗ ಫೋಟೋಕ್ಕೆ ಕರೆಯುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಹೋಗಿ ಅವನ ಪಕ್ಕದಲ್ಲಿ ನಿಂತಳು. ಅವಳ ಜಾಗ ನನಗೆ ಸಿಕ್ಕಿತ್ತು. ಅದು ಅವಳಿಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಾದದ್ದು ಮಾತ್ರ ಆಗಲೇ.